ಅಳಿಸಿದ ಮೇಲೂ ಉಳಿಯುವ ಕಡತ

ಮೂರು ಜಿಬಿಯ ಮದುವೆ ವಿಡಿಯೊವನ್ನು ಪೆನ್‌ಡ್ರೈವ್‌ಗೆ ತುಂಬಿಸಲು ಹಲವು ನಿಮಿಷ ಕಾಯಬೇಕು. ಅದೇ ವಿಡಿಯೊವನ್ನು ಅಳಿಸಲು ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕು. ಬರೆಯಲು ಅಷ್ಟು ಹೊತ್ತು ಹಿಡಿದದ್ದು ಇಷ್ಟು ಬೇಗ ಅಳಿದುಹೋಗಲು ಹೇಗೆ ಸಾಧ್ಯ? ವಾಸ್ತವವಾಗಿ ಅದು ಅಳಿದಿರುವುದೇ ಇಲ್ಲ. ಕೈತಪ್ಪಿ ಅಳಿಸಿದ ಕಡತ ಎಷ್ಟೋ ಸಲ ಮರಳಿ ಸಿಗುವುದು ಇದೇ ಕಾರಣಕ್ಕೆ.

ಪಹಣಿಯಿಂದ ಒಬ್ಬರ ಹೆಸರನ್ನು ತೆಗೆದರೆ ಹೊಲ ಮಾಯವಾಗುವುದಿಲ್ಲ, ಅದರಲ್ಲಿ ನಿಂತ ಪೈರೂ ಒಣಗುವುದಿಲ್ಲ. ಹೊಸಬರು ಬಂದು ಉತ್ತು ಬಿತ್ತುವವರೆಗೂ ಹಳೆಯ ಪೈರು ಇದ್ದಲ್ಲೇ ಇರುತ್ತದೆ. ಡಿಸ್ಕಿನಲ್ಲಿರುವ ಕಡತದ ಕಥೆಯೂ ಹೀಗೆಯೇ. ಡಿಲೀಟ್ ಒತ್ತಿದಾಗ ಬದಲಾಗುವುದು ದಾಖಲೆ ಮಾತ್ರ. ‘ಈ ಜಾಗ ಖಾಲಿ ಇದೆ, ಬೇಕಾದರೆ ಬಳಸಿಕೊಳ್ಳಬಹುದು’ ಎಂದು ಕಂಪ್ಯೂಟರ್ ಗುರುತು ಹಾಕಿಕೊಳ್ಳುತ್ತದೆ, ಅಷ್ಟೆ.

ಈ ದಾಖಲೆ ಇಡುವ ಕ್ರಮಕ್ಕೆ ಫೈಲ್ ಸಿಸ್ಟಂ ಎನ್ನುತ್ತಾರೆ. ಪೆನ್‌ಡ್ರೈವ್‌ಗಳಲ್ಲಿ ಇವತ್ತಿಗೂ ಧಾರಾಳವಾಗಿ ಕಾಣಸಿಗುವುದು ಫ್ಯಾಟ್32. ಇದರ ಮೂಲ ರೂಪ 1977ರಲ್ಲಿ ಮೈಕ್ರೋಸಾಫ್ಟ್‌ನಲ್ಲಿ ಹುಟ್ಟಿತು. ಈಗಿನ ರೂಪ 1996ರಲ್ಲಿ ಬಂತು. ಅದು ಡಿಸ್ಕಿನ ಜಾಗವನ್ನು ಕ್ಲಸ್ಟರ್ ಎಂಬ ಸಮಾನ ತುಂಡುಗಳಾಗಿ ವಿಂಗಡಿಸಿ, ಪ್ರತಿಯೊಂದಕ್ಕೂ ಸಂಖ್ಯೆ ಕೊಡುತ್ತದೆ. ಒಂದು ಕ್ಲಸ್ಟರ್ 32 ಕೆಬಿ ಇದ್ದರೆ 3 ಎಂಬಿಯ ಫೋಟೊಗೆ 96 ಕ್ಲಸ್ಟರ್ ಬೇಕಾಗುತ್ತವೆ. ಆ ಫೋಟೊದ ಹೆಸರು, ದಿನಾಂಕ, ಗಾತ್ರ ಮತ್ತು ಮೊದಲ ಕ್ಲಸ್ಟರಿನ ಸಂಖ್ಯೆ ಇರುವ 32 ಬೈಟ್‌ಗಳ ನಮೂದೊಂದು ಫೋಲ್ಡರಿನಲ್ಲಿರುತ್ತದೆ. ಮೊದಲನೆಯದರ ನಂತರ ಯಾವ ಕ್ಲಸ್ಟರ್, ಅದರ ನಂತರ ಯಾವುದು ಎಂಬ ಸರಣಿ ಡಿಸ್ಕಿನ ಆರಂಭದಲ್ಲಿರುವ ಪ್ರತ್ಯೇಕ ಕೋಷ್ಟಕದಲ್ಲಿರುತ್ತದೆ.

ಕಡತವನ್ನು ಅಳಿಸಿದಾಗ ಮುಖ್ಯವಾಗಿ ಎರಡು ಕೆಲಸ ನಡೆಯುತ್ತವೆ. ನಮೂದಿನಲ್ಲಿ ಹೆಸರಿನ ಮೊದಲ ಅಕ್ಷರವಿದ್ದ ಜಾಗಕ್ಕೆ 229 ಎಂಬ ಸಂಖ್ಯೆ ಬರುತ್ತದೆ. ಕೋಷ್ಟಕದಲ್ಲಿ ಆ 96 ಮನೆಗಳಿಗೆ ಸೊನ್ನೆ ಬೀಳುತ್ತದೆ. ಫೋಟೊದ 31 ಲಕ್ಷಕ್ಕೂ ಹೆಚ್ಚು ಬೈಟ್‌ಗಳಲ್ಲಿ ಒಂದಕ್ಕೂ ಕೈ ಹಚ್ಚುವುದಿಲ್ಲ. 1991ರಲ್ಲಿ ಬಂದ ಎಂಎಸ್-ಡಾಸ್ 5 ಆಪರೇಟಿಂಗ್ ಸಿಸ್ಟಂನಲ್ಲಿ ಅನ್‌ಡಿಲೀಟ್ ಎಂಬ ಆಜ್ಞೆಯಿತ್ತು. ಕಡತವನ್ನು ಮರಳಿಸುವ ಮೊದಲು ಅದರ ಹೆಸರಿನ ಮೊದಲ ಅಕ್ಷರ ಯಾವುದೆಂದು ಅದು ಬಳಕೆದಾರರನ್ನೇ ಕೇಳುತ್ತಿತ್ತು. ಹೆಸರಿನಲ್ಲಿ ಕಳೆದುಹೋಗಿದ್ದದ್ದು ಆ ಒಂದಕ್ಷರ ಮಾತ್ರ.

ದೊಡ್ಡ ಮೆಮೊರಿ ಕಾರ್ಡ್‌ಗಳಲ್ಲಿ ಬಳಕೆಯಾಗುವ ಎಕ್ಸ್‌ಫ್ಯಾಟ್ ಇನ್ನೂ ಮಿತವ್ಯಯಿ. ನಮೂದಿನಲ್ಲಿ ‘ಬಳಕೆಯಲ್ಲಿದೆ’ ಎಂಬುದನ್ನು ಸೂಚಿಸುವ ಒಂದು ಬಿಟ್ಟನ್ನು ಬದಲಿಸಿ, ಕ್ಲಸ್ಟರುಗಳನ್ನು ಖಾಲಿ ಪಟ್ಟಿಗೆ ಸೇರಿಸಿದರೆ ಅದರ ಕೆಲಸ ಮುಗಿಯಿತು. ವಿಂಡೋಸ್ ಕಂಪ್ಯೂಟರ್‌ಗಳ ಹಾರ್ಡ್‌ಡಿಸ್ಕ್‌ಗಳಲ್ಲಿರುವ ಎನ್‌ಟಿಎಫ್‌ಎಸ್‌ನಲ್ಲಿ ಪ್ರತಿ ಕಡತಕ್ಕೂ ಸಾಮಾನ್ಯವಾಗಿ 1 ಕೆಬಿಯ ದಾಖಲೆ ಇರುತ್ತದೆ. ಕಡತದ ತುಣುಕುಗಳು ಎಲ್ಲೆಲ್ಲಿವೆ ಎಂಬ ವಿವರವೂ ಅದರಲ್ಲೇ ಇದ್ದು, ಅಳಿಸಿದ ಬಳಿಕವೂ ಉಳಿಯುತ್ತದೆ. ಆ ದಾಖಲೆಯನ್ನು ಬೇರೆ ಕಡತ ಆಕ್ರಮಿಸುವ ಮುನ್ನ ಹಿಡಿದರೆ ಹೆಸರಿನ ಸಮೇತ ಪೂರ್ತಿ ಕಡತ ಸಿಗುತ್ತದೆ.

ಆದರೆ ದಾಖಲೆಯೇ ಹೋಗಿದ್ದರೆ? ಡ್ರೈವನ್ನು ಕ್ವಿಕ್ ಫಾರ್ಮ್ಯಾಟ್ ಮಾಡಿದಾಗ ಆಗುವುದು ಇದೇ. ಆಗ ಬಳಸುವ ವಿಧಾನಕ್ಕೆ ಕಾರ್ವಿಂಗ್ ಎಂದು ಹೆಸರು. ತಂತ್ರಾಂಶವು ಹೆಸರು, ಫೋಲ್ಡರ್ ಯಾವುದನ್ನೂ ನೋಡದೆ ಡಿಸ್ಕನ್ನು ಆರಂಭದಿಂದ ಕೊನೆಯವರೆಗೆ ಓದುತ್ತಾ ಪರಿಚಿತ ಗುರುತುಗಳನ್ನು ಹುಡುಕುತ್ತದೆ. ಜೆಪೆಗ್ ಫೋಟೊ 255, 216, 255 ಎಂಬ ಬೈಟ್‌ಗಳಿಂದ ಶುರುವಾಗಿ 255, 217ರಲ್ಲಿ ಮುಗಿಯುತ್ತದೆ. ಪಿಡಿಎಫ್ ಕಡತ ತನ್ನ ಬಗೆಯ ಹೆಸರನ್ನು ಮೊದಲ ಸಾಲಿನಲ್ಲೇ ಬರೆದುಕೊಂಡಿರುತ್ತದೆ. ಈಗಿನ ವರ್ಡ್ ಕಡತ ಒಳಗಿನಿಂದ ಜಿಪ್ ಕಡತವೇ ಆದ್ದರಿಂದ ಅದರ ತಲೆಯಲ್ಲಿ ಜಿಪ್ ಸೃಷ್ಟಿಸಿದ ಫಿಲ್ ಕಾಟ್ಜ್ ಅವರ ಇನಿಷಿಯಲ್‌ಗಳಾದ ‘ಪಿಕೆ’ ಇರುತ್ತವೆ. ಕ್ರಿಸ್ಟೋಫ್ ಗ್ರೆನಿಯೆ ರೂಪಿಸಿದ ಫೋಟೊರೆಕ್ ಎಂಬ ಉಚಿತ, ಮುಕ್ತ ತಂತ್ರಾಂಶ ಕೆಲಸ ಮಾಡುವುದು ಹೀಗೆ. ಹೆಸರಿನಲ್ಲಿ ಫೋಟೊ ಇದ್ದರೂ ಅದು ನೂರಾರು ಬಗೆಯ ಕಡತಗಳನ್ನು ಗುರುತಿಸಬಲ್ಲದು.

ಈ ವಿಧಾನಕ್ಕೆ ಮಿತಿಗಳಿವೆ. ಹೆಸರುಗಳು ಸಿಗುವುದಿಲ್ಲ, ಸಾವಿರಾರು ಕಡತಗಳು ಬರೀ ಸಂಖ್ಯೆಗಳನ್ನು ಹೊತ್ತು ಬರುತ್ತವೆ. ಪೂರ್ಣ ಫೋಟೊದ ಬದಲು ಅದರೊಳಗೆ ಅಡಗಿದ್ದ ಅಂಚೆಚೀಟಿ ಗಾತ್ರದ ಚಿತ್ರ ಮಾತ್ರ ಸಿಗುವುದೂ ಉಂಟು. ಇದಕ್ಕಿಂತ ದೊಡ್ಡ ತೊಡಕು ಕಡತಗಳು ಚೂರಾಗಿರುವುದು. ತುಂಬಿದ ಡಿಸ್ಕಿನಲ್ಲಿ ಖಾಲಿ ಜಾಗ ಅಲ್ಲಲ್ಲಿ ಚದುರಿರುವುದರಿಂದ ಒಂದೇ ಕಡತದ ಭಾಗಗಳು ಬೇರೆ ಬೇರೆ ಕಡೆ ಕೂರುತ್ತವೆ. ಸಿಮ್ಸನ್ ಗಾರ್ಫಿಂಕಲ್ ಎಂಬ ಅಮೆರಿಕದ ಸಂಶೋಧಕರು ಮುನ್ನೂರಕ್ಕೂ ಹೆಚ್ಚು ಹಳೆಯ ಹಾರ್ಡ್‌ಡಿಸ್ಕ್‌ಗಳನ್ನು ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ 16ರಷ್ಟು ಜೆಪೆಗ್, ಶೇ 17ರಷ್ಟು ವರ್ಡ್ ಮತ್ತು ಶೇ 22ರಷ್ಟು ಎವಿಐ ವಿಡಿಯೊ ಕಡತಗಳು ಚೂರಾಗಿದ್ದವು. ಮರಳಿ ಬಂದ ಫೋಟೊದ ಅರ್ಧಭಾಗ ಬೂದುಬಣ್ಣಕ್ಕೆ ತಿರುಗಿದ್ದರೆ ಸಾಮಾನ್ಯವಾಗಿ ಇದೇ ಕಾರಣ.

ಕನ್ನಡದ ಹಳೆಯ ಬರಹಗಳನ್ನು ಹಿಂಪಡೆಯುವವರು ಇನ್ನೊಂದು ವಿಷಯ ತಿಳಿದಿರಬೇಕು. ಯುನಿಕೋಡ್ ರೂಢಿಗೆ ಬರುವ ಮೊದಲು ನುಡಿ, ಬರಹ ತಂತ್ರಾಂಶಗಳ ಫಾಂಟ್ ಬಳಸಿ ಮಾಡಿದ ಕಡತಗಳಲ್ಲಿ ಕನ್ನಡದ ಅಕ್ಷರಭಾಗಗಳು ರೋಮನ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತಗಳಲ್ಲಿ ಕುಳಿತಿರುತ್ತವೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಕಡತ ಹಾಳಾಗಿದೆ ಎಂದು ಅದನ್ನು ಮತ್ತೆ ಅಳಿಸಬೇಡಿ. ಮೊದಲು ಹಳೆಯ ಫಾಂಟ್ ಹಾಕಿ ನೋಡಿ.

ಇಷ್ಟೆಲ್ಲ ಸಾಧ್ಯವಾಗುವುದು ಅಳಿಸಿದ ಕಡತವಿದ್ದ ಜಾಗದ ಮೇಲೆ ಬೇರೇನನ್ನೂ ಬರೆಯದಿದ್ದರೆ ಮಾತ್ರ. ಮೇಲೆ ಬರೆದದ್ದನ್ನೂ ಪ್ರಯೋಗಾಲಯದಲ್ಲಿ ಓದಬಹುದೆಂಬ ನಂಬಿಕೆ ಬಹುಕಾಲ ಇತ್ತು. ಕಂಪ್ಯೂಟರ್ ಸುರಕ್ಷತೆಯ ಸಂಶೋಧಕ ಪೀಟರ್ ಗಟ್‌ಮನ್ 1996ರ ಪ್ರಬಂಧದಲ್ಲಿ 35 ಸಲ ಮೇಲೆ ಬರೆಯುವ ಕ್ರಮವನ್ನು ಸೂಚಿಸಿದ್ದೂ ಈ ಆತಂಕದಿಂದ. ಕ್ರೇಗ್ ರೈಟ್ ಮತ್ತು ಸಂಗಡಿಗರು 2008ರಲ್ಲಿ ಹೈದರಾಬಾದಿನ ಸಮ್ಮೇಳನವೊಂದರಲ್ಲಿ ಮಂಡಿಸಿದ ಪ್ರಬಂಧ ಆ ನಂಬಿಕೆಯನ್ನು ಬಹುಮಟ್ಟಿಗೆ ಕೊನೆಗಾಣಿಸಿತು. ಹಾರ್ಡ್‌ಡಿಸ್ಕಿನಲ್ಲಿ ಒಂದೇ ಸಲ ಮೇಲೆ ಬರೆದರೂ ಹಳೆಯ ಮಾಹಿತಿಯನ್ನು ಅರ್ಥವಾಗುವಷ್ಟು ಪ್ರಮಾಣದಲ್ಲಿ ಹೊರತೆಗೆಯಲಾಗದು ಎಂದು ಅದು ತೋರಿಸಿತು.

ಹಾರ್ಡ್‌ಡಿಸ್ಕಿನ ಬದಲು ಫ್ಲ್ಯಾಶ್ ಚಿಪ್ಪಿನಲ್ಲಿ ಮಾಹಿತಿ ಇಡುವ ಹೊಸ ಎಸ್‌ಎಸ್‌ಡಿಗಳಲ್ಲಿ ಪರಿಸ್ಥಿತಿ ಬೇರೆ. ಫ್ಲ್ಯಾಶ್ ಚಿಪ್ಪಿನಲ್ಲಿ ಬರೆದ ಜಾಗದ ಮೇಲೆ ನೇರವಾಗಿ ಮತ್ತೆ ಬರೆಯಲು ಬರುವುದಿಲ್ಲ. ಮೊದಲು ಒಂದು ದೊಡ್ಡ ಬ್ಲಾಕನ್ನು ಒಟ್ಟಾಗಿ ಅಳಿಸಬೇಕು. ಈ ಕೆಲಸವನ್ನು ಬಿಡುವಿನಲ್ಲೇ ಮಾಡಿಟ್ಟುಕೊಳ್ಳಲೆಂದು, ಕಡತ ಅಳಿಸಿದ ಕೂಡಲೇ ಆಪರೇಟಿಂಗ್ ಸಿಸ್ಟಂ ‘ಈ ಜಾಗ ಇನ್ನು ಬೇಡ’ ಎಂದು ಎಸ್‌ಎಸ್‌ಡಿಗೆ ತಿಳಿಸುತ್ತದೆ. ಇದು ಟ್ರಿಮ್ ಆಜ್ಞೆ. ವಿಂಡೋಸ್‌ನಲ್ಲಿ 2009ರ ಏಳನೆಯ ಆವೃತ್ತಿಯಿಂದ ಇದೆ. ಟ್ರಿಮ್ ಆದ ಜಾಗವನ್ನು ಓದಲು ಹೋದರೆ ಸಾಮಾನ್ಯವಾಗಿ ಸೊನ್ನೆಗಳಷ್ಟೇ ಸಿಗುತ್ತವೆ. ಸಾಧಾರಣ ಪೆನ್‌ಡ್ರೈವ್‌ಗಳಿಗೆ ಈ ಆಜ್ಞೆ ಹೆಚ್ಚಾಗಿ ತಲುಪುವುದಿಲ್ಲ. ಯುಎಸ್‌ಬಿಗೆ ಜೋಡಿಸುವ ಹಲವು ಎಸ್‌ಎಸ್‌ಡಿಗಳಿಗೆ, ಕೆಲವು ಹೊಸ ಪೋರ್ಟಬಲ್ ಹಾರ್ಡ್‌ಡಿಸ್ಕ್‌ಗಳಿಗೂ ತಲುಪುತ್ತದೆ. ಹೀಗಾಗಿ ಅಗ್ಗದ ಪೆನ್‌ಡ್ರೈವಿನಿಂದ ಮರಳಿ ಸಿಗುವ ಕಡತ ದುಬಾರಿ ಎಸ್‌ಎಸ್‌ಡಿಯಿಂದ ಸಿಗದೇ ಹೋಗಬಹುದು.

ಹಾಗಾದರೆ ಕಡತ ಕಾಣೆಯಾದ ಗಳಿಗೆಯಲ್ಲಿ ಮಾಡಬೇಕಾದ್ದೇನು? ಮೊದಲನೆಯದು, ಆ ಡ್ರೈವಿಗೆ ಹೊಸದಾಗಿ ಏನನ್ನೂ ಬರೆಯದಿರುವುದು. ಮೆಮೊರಿ ಕಾರ್ಡಾದರೆ ಇನ್ನೊಂದು ಫೋಟೊ ತೆಗೆಯದೆ ಕ್ಯಾಮೆರಾದಿಂದ ಹೊರತೆಗೆಯಿರಿ. ಕಡತ ನಿಜವಾಗಿ ಅಳಿದಿದೆಯೇ ಎಂದು ನೋಡಿ. ವಿಂಡೋಸ್‌ನಲ್ಲಿ ಪೆನ್‌ಡ್ರೈವಿನಿಂದ ಅಳಿಸಿದ್ದು ರಿಸೈಕಲ್ ಬಿನ್‌ಗೆ ಹೋಗುವುದಿಲ್ಲ, ಆದರೆ ಪೋರ್ಟಬಲ್ ಹಾರ್ಡ್‌ಡಿಸ್ಕಿನಿಂದ ಅಳಿಸಿದ್ದು ಸಾಮಾನ್ಯವಾಗಿ ಹೋಗುತ್ತದೆ. ಮ್ಯಾಕ್ ಮತ್ತು ಲಿನಕ್ಸ್‌ಗಳಲ್ಲಿ ಆ ಡ್ರೈವಿನಲ್ಲೇ ಕಸದ ಫೋಲ್ಡರೊಂದು ಅಡಗಿರುತ್ತದೆ. ಜೆರಾಕ್ಸ್ ಅಂಗಡಿಯ ಕಂಪ್ಯೂಟರಿಗೆ ಸಿಕ್ಕಿಸಿದ ಪೆನ್‌ಡ್ರೈವಿನಲ್ಲಿ ಕಡತಗಳೆಲ್ಲ ಶಾರ್ಟ್‌ಕಟ್‌ಗಳಾಗಿ ಕಂಡರೆ ವೈರಸ್ ಅವನ್ನು ಬಚ್ಚಿಟ್ಟಿರುವ ಸಾಧ್ಯತೆಯೇ ಹೆಚ್ಚು. ಅಂಥ ಶಾರ್ಟ್‌ಕಟ್ ಒತ್ತದೆ, ಮೊದಲು ವೈರಸ್ ತೆಗೆಸಿ, ಮರೆಯಾದ ಕಡತಗಳನ್ನು ತೋರಿಸುವ ಸೆಟ್ಟಿಂಗ್ ಬದಲಿಸಿದರೆ ಅವು ಕಾಣುತ್ತವೆ.

ಬಳಿಕವೇ ತಂತ್ರಾಂಶದ ಸರದಿ. ಅದನ್ನು ಕಂಪ್ಯೂಟರಿನಲ್ಲಿ ಅನುಸ್ಥಾಪಿಸಿ, ಸಿಕ್ಕ ಕಡತಗಳನ್ನೂ ಬೇರೆ ಡಿಸ್ಕಿಗೇ ಉಳಿಸಬೇಕು. ಅದೇ ಡ್ರೈವಿಗೆ ಉಳಿಸಿದರೆ ಒಂದು ಕಡತವನ್ನು ಉಳಿಸುವ ಭರದಲ್ಲಿ ಇನ್ನೊಂದನ್ನು ಕೊಂದಂತೆ. ಅನುಭವಿಗಳು ಮೊದಲು ಇಡೀ ಡ್ರೈವಿನ ಪ್ರತಿಯೊಂದು ಬೈಟನ್ನೂ ನಕಲು ಮಾಡಿ, ಹುಡುಕಾಟವನ್ನೆಲ್ಲ ಆ ನಕಲಿನ ಮೇಲೆ ನಡೆಸುತ್ತಾರೆ. ಹಾರ್ಡ್‌ಡಿಸ್ಕ್ ಟಕ್‌ಟಕ್ ಸದ್ದು ಮಾಡುತ್ತಿದ್ದರೆ ಮಾತ್ರ ಯಾವ ತಂತ್ರಾಂಶವನ್ನೂ ಓಡಿಸಬಾರದು. ಅದು ಯಂತ್ರಭಾಗದ ದೋಷ. ಚಾಲೂ ಇಟ್ಟಷ್ಟೂ ಹಾನಿ ಹೆಚ್ಚು. ಕೂಡಲೇ ಕೇಬಲ್ ಕಿತ್ತು ಪರಿಣತರಿಗೆ ಒಪ್ಪಿಸಬೇಕು.

ಅಳಿಸಿದ್ದು ನಮಗೆ ಮರಳಿ ಸಿಗುತ್ತದೆಂದರೆ ಇತರರಿಗೂ ಸಿಗುತ್ತದೆ. ಗಾರ್ಫಿಂಕಲ್ ಮತ್ತು ಅಭಿ ಶೆಲಾಟ್ 158 ಹಳೆಯ ಹಾರ್ಡ್‌ಡಿಸ್ಕ್‌ಗಳನ್ನು ಕೊಂಡು ಪರೀಕ್ಷಿಸಿ 2003ರಲ್ಲಿ ವರದಿ ಪ್ರಕಟಿಸಿದರು. ಓದಲು ಸಾಧ್ಯವಾದ 129ರಲ್ಲಿ ಸರಿಯಾಗಿ ಅಳಿಸಿದ್ದವು 12 ಮಾತ್ರ. ಉಳಿದವುಗಳಿಂದ ಸಾವಿರಾರು ಕ್ರೆಡಿಟ್ ಕಾರ್ಡ್ ಸಂಖ್ಯೆಗಳು ಹೊರಬಂದವು. ಹಳೆಯ ಹಾರ್ಡ್‌ಡಿಸ್ಕನ್ನು ಮಾರುವ ಮುನ್ನ ಕ್ವಿಕ್ ಫಾರ್ಮ್ಯಾಟ್ ಸಾಲದು. ವಿಂಡೋಸ್ ವಿಸ್ತಾದಿಂದೀಚಿನ ಪೂರ್ಣ ಫಾರ್ಮ್ಯಾಟ್ ಇಡೀ ಡಿಸ್ಕಿನ ಮೇಲೆ ಸೊನ್ನೆ ಬರೆಯುತ್ತದೆ. ಹೊತ್ತು ಹಿಡಿದರೂ ಅದನ್ನೇ ಮಾಡಿ.

ಹಿಂಪಡೆಯುವ ತಂತ್ರಗಳು ಎಷ್ಟೇ ಚುರುಕಾದರೂ ಕೊನೆಯಲ್ಲಿ ಅವು ಅದೃಷ್ಟದ ಮೇಲೆ ನಿಂತಿವೆ. ಪೆನ್‌ಡ್ರೈವ್ ಮಾಹಿತಿಯನ್ನು ಸಾಗಿಸಲು ಒಳ್ಳೆಯ ಸಾಧನ. ಜೋಪಾನ ಮಾಡಲು ಅದನ್ನೊಂದೇ ನಂಬಬಾರದು. ಮುಖ್ಯವಾದ ಕಡತಗಳ ಮೂರು ಪ್ರತಿ ಇರಲಿ, ಅವು ಎರಡು ಬಗೆಯ ಸಾಧನಗಳಲ್ಲಿರಲಿ, ಒಂದು ಪ್ರತಿ ಮನೆಯಿಂದಾಚೆ ಇರಲಿ. ಮಕ್ಕಳ ಫೋಟೊ, ಪ್ರಬಂಧದ ಕರಡು, ಅಂಗಡಿಯ ಲೆಕ್ಕ ಒಂದೇ ಪೆನ್‌ಡ್ರೈವಿನಲ್ಲಿದ್ದರೆ ಇವತ್ತೇ ಇನ್ನೊಂದು ಪ್ರತಿ ಮಾಡಿಕೊಳ್ಳಿ.