ಚಾಂಡ್ಲರ್ ನಗಿಸುತ್ತಿದ್ದ, ಮ್ಯಾಥ್ಯೂ ನರಳುತ್ತಿದ್ದರು

2001ರ ಮೇ ತಿಂಗಳಲ್ಲಿ ಅಮೆರಿಕದ ಜನಪ್ರಿಯ ಧಾರಾವಾಹಿ ‘ಫ್ರೆಂಡ್ಸ್’ನಲ್ಲಿ ಚಾಂಡ್ಲರ್ ಮತ್ತು ಮೋನಿಕಾ ಮದುವೆಯ ಕಂತು ಪ್ರಸಾರವಾಯಿತು. ಕೋಟ್ಯಂತರ ಮಂದಿ ತಮ್ಮ ಮನೆಯದೇ ಮದುವೆ ಎಂಬಂತೆ ಸಂಭ್ರಮಿಸಿದರು. ಆದರೆ ಆ ದೃಶ್ಯದ ಚಿತ್ರೀಕರಣ ಮುಗಿಸಿದ ಮದುಮಗ ಮನೆಗೆ ಹೋಗಿರಲಿಲ್ಲ. ವ್ಯಸನಮುಕ್ತಿ ಕೇಂದ್ರದ ಸಿಬ್ಬಂದಿಯೊಬ್ಬರು ಅವರನ್ನು ಪಿಕಪ್ ಗಾಡಿಯಲ್ಲಿ ಕೂರಿಸಿಕೊಂಡು ಚಿಕಿತ್ಸೆಗೆ ವಾಪಸ್ ಕರೆದೊಯ್ದಿದ್ದರು. ಆ ನಟ ಮ್ಯಾಥ್ಯೂ ಪೆರಿ.

ಹೆಸರು, ಹಣ, ಅಭಿಮಾನಿಗಳ ಪ್ರೀತಿ ಯಾವುದಕ್ಕೂ ಕೊರತೆಯಿರದ ಅವರೇ ಚಟದ ಮುಂದೆ ಮತ್ತೆ ಮತ್ತೆ ಸೋತರು. ಆದರೆ ನಮ್ಮ ಅಥಣಿ, ರಾಯಬಾಗ, ಕಾಗವಾಡದ ಕಬ್ಬಿನ ಸೀಮೆಯಲ್ಲಿ, ತಂಬಾಕಿನ ಪೇಟೆ ನಿಪ್ಪಾಣಿಯಲ್ಲಿ, ಚಿಕ್ಕೋಡಿಯಲ್ಲಿ ‘ಅಂವ ಶೆರೆ ಕುಡ್ಯಾಂವ’ ಅಂದುಬಿಟ್ಟರೆ ಸಾಕು, ಆ ಮನುಷ್ಯನ ಲೆಕ್ಕ ಅಲ್ಲಿಗೆ ಚುಕ್ತಾ. ಹಾಗೆ ಕೈಬಿಡುವ ಮುನ್ನ ಪೆರಿಯವರ ಬದುಕನ್ನೊಮ್ಮೆ ನೋಡಬೇಕು.

ಒಂಟಿ ಹುಡುಗ, ತುಂಬಿದ ಸಭೆ

ಪೆರಿ ಹುಟ್ಟಿದ್ದು 1969ರ ಆಗಸ್ಟ್ 19ರಂದು, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ. ಮಗುವಿಗೆ ವರ್ಷ ತುಂಬುವ ಮೊದಲೇ ತಂದೆ–ತಾಯಿ ಬೇರೆಯಾದರು. ತಂದೆ ಜಾನ್ ಬೆನೆಟ್ ಪೆರಿ ಲಾಸ್ ಏಂಜಲೀಸ್‌ನಲ್ಲಿ ನಟ; ತಾಯಿ ಸುಝಾನ್ ಕೆನಡಾದ ಪ್ರಧಾನಿ ಪಿಯರ್ ಟ್ರುಡೊ ಅವರ ಪತ್ರಿಕಾ ಕಾರ್ಯದರ್ಶಿ. ಐದನೇ ವಯಸ್ಸಿಗೇ ಹುಡುಗ ಒಬ್ಬನೇ ವಿಮಾನ ಹತ್ತಿ ಮಾಂಟ್ರಿಯಲ್‌ನಿಂದ ಅಪ್ಪನ ಊರಿಗೆ ಹೋದ. ಕೆಲಸದಿಂದ ದಣಿದು ಬರುವ ಅಮ್ಮನನ್ನು ನಗಿಸಿ ಅವಳ ಗಮನ ಸೆಳೆಯುವುದು ಅವನಿಗೆ ರೂಢಿಯಾಯಿತು. ಮುಂದೆ ಅದೇ ಅವರ ಕಸುಬು. ಹದಿನಾಲ್ಕನೇ ವಯಸ್ಸಿನಲ್ಲಿ ಮೊದಲ ಸಲ ಕುಡಿದಾಗ, ಎದೆಯೊಳಗಿನ ಕಳವಳ ಮಾಯವಾದಂತೆ ಅನ್ನಿಸಿತೆಂದು ಅವರೇ ಬರೆದಿದ್ದಾರೆ.

1994ರಲ್ಲಿ ಶುರುವಾದ ‘ಫ್ರೆಂಡ್ಸ್’ ಹತ್ತು ಸೀಸನ್, 236 ಕಂತುಗಳವರೆಗೆ ನಡೆಯಿತು. 2004ರ ಮೇ 6ರ ಕೊನೆಯ ಕಂತನ್ನು ಅಮೆರಿಕದಲ್ಲೇ 5 ಕೋಟಿಗೂ ಹೆಚ್ಚು ಜನ ನೋಡಿದರು. ಕೊನೆಯ ಎರಡು ಸೀಸನ್‌ಗಳಲ್ಲಿ ಆರೂ ಮುಖ್ಯ ನಟರಿಗೆ ತಲಾ ಕಂತಿಗೆ 10 ಲಕ್ಷ ಡಾಲರ್ ಸಂಭಾವನೆ.

ಈ ಏರುಗಾಲದಲ್ಲೇ ಕಾಯಿಲೆಯೂ ಬಲಿಯಿತು. ಚಿತ್ರೀಕರಣವೊಂದರ ವೇಳೆ ಜೆಟ್ ಸ್ಕೀ ಅಪಘಾತವಾಗಿ, ನೋವಿಗೆಂದು ವೈದ್ಯರು ಮಾತ್ರೆ ಕೊಟ್ಟರು. ಒಂದು ಮಾತ್ರೆ ಬೆಳೆಯುತ್ತ ಹೋಗಿ ಒಂದು ಹಂತದಲ್ಲಿ ದಿನಕ್ಕೆ 55ಕ್ಕೆ ಮುಟ್ಟಿತು. ತೂಕ 58 ಕಿಲೋಗೆ ಇಳಿಯಿತು. ಮಾರಾಟಕ್ಕಿಟ್ಟ ಮನೆ ನೋಡುವ ನೆಪದಲ್ಲಿ ಒಳಹೊಕ್ಕು, ಅಲ್ಲಿನವರ ಔಷಧ ಕಪಾಟಿನಿಂದ ಮಾತ್ರೆ ಕದ್ದದ್ದನ್ನೂ ಅವರು ಮುಚ್ಚಿಡಲಿಲ್ಲ. ಕೈಯಲ್ಲಿ ದುಡ್ಡಿದ್ದವರನ್ನೂ ಚಟ ಕಳ್ಳತನಕ್ಕೆ ಇಳಿಸುತ್ತದೆ. ತಮ್ಮದೇ ಧಾರಾವಾಹಿಯನ್ನು ನೋಡಲು ಅವರಿಗೆ ಆಗುತ್ತಿರಲಿಲ್ಲ. ದಪ್ಪಗಿದ್ದರೆ ಅದು ಕುಡಿತದ ಕಾಲ, ಸೊರಗಿದ್ದರೆ ಮಾತ್ರೆಯ ಕಾಲ ಎಂದು ತೆರೆಯ ಮೇಲಿನ ಮೈಯೇ ಅವರಿಗೆ ಹೇಳಿಬಿಡುತ್ತಿತ್ತು.

2018ರಲ್ಲಿ ಮಾತ್ರೆಗಳ ಅತಿ ಬಳಕೆಯಿಂದ ದೊಡ್ಡ ಕರುಳು ಒಡೆಯಿತು. ಬದುಕುವ ಸಾಧ್ಯತೆ ಶೇ 2 ಮಾತ್ರ ಎಂದು ಮನೆಯವರಿಗೆ ವೈದ್ಯರು ಹೇಳಿದ್ದರು. ಎರಡು ವಾರ ಪ್ರಜ್ಞೆಯಿಲ್ಲದೆ ಮಲಗಿದರು. ಒಂಬತ್ತು ತಿಂಗಳು ಹೊಟ್ಟೆಗೆ ಮಲದ ಚೀಲ ಕಟ್ಟಿಕೊಂಡು ಓಡಾಡಿದರು.

ಎತ್ತಿದ ಕೈ, ತಳ್ಳಿದ ಕೈ

ಸುಮಾರು 65 ಸಲ ಚಟ ಬಿಡಿಸುವ ಚಿಕಿತ್ಸೆ ಪಡೆದ ಪೆರಿ, ಅದಕ್ಕೆ 90 ಲಕ್ಷ ಡಾಲರ್ ಖರ್ಚಾಗಿರಬಹುದೆಂದು ಲೆಕ್ಕ ಹಾಕಿದ್ದರು. ಇಷ್ಟು ಸಲ ಬಿದ್ದರೆಂದು ನೋಡುವವರುಂಟು. ಇಷ್ಟು ಸಲ ಎದ್ದರು ಎಂಬುದೂ ಅಷ್ಟೇ ನಿಜ. ಸಹನಟಿ ಜೆನಿಫರ್ ಆನಿಸ್ಟನ್ ಎದುರಿಗೇ ಕೂರಿಸಿಕೊಂಡು, ನೀನು ಕುಡಿಯುತ್ತಿರುವುದು ನಮಗೆ ಗೊತ್ತು ಎಂದು ಹೇಳಿದ್ದರು. ಆಕೆ ಕೈಬಿಡಲಿಲ್ಲ ಎಂದು ಪೆರಿ ಕೃತಜ್ಞತೆಯಿಂದ ನೆನೆದಿದ್ದಾರೆ. ಪೆರಿಯೂ ಅಷ್ಟೇ, ಮಾಲಿಬುವಿನ ತಮ್ಮ ಮನೆಯನ್ನೇ ಕೆಲಕಾಲ ವ್ಯಸನಿಗಳ ಆಶ್ರಯ ಮಾಡಿದರು. 2022ರ ನವೆಂಬರ್‌ನಲ್ಲಿ ಆತ್ಮಕಥೆ ಬರೆದು ಎಲ್ಲವನ್ನೂ ತೆರೆದಿಟ್ಟರು. ತಾನು ಸತ್ತಾಗ ‘ಫ್ರೆಂಡ್ಸ್’ಗಿಂತ ಮೊದಲು, ಇತರರಿಗೆ ಮಾಡಿದ ಸಹಾಯವನ್ನು ಜನ ನೆನೆಯಲಿ ಎಂಬುದು ಅವರ ಆಸೆಯಾಗಿತ್ತು.

2023ರ ಅಕ್ಟೋಬರ್ 28ರಂದು, 54ನೇ ವಯಸ್ಸಿನಲ್ಲಿ, ಅವರು ಮನೆಯ ಬಿಸಿನೀರ ತೊಟ್ಟಿಯಲ್ಲಿ ಶವವಾಗಿ ಸಿಕ್ಕರು. ಕೆಟಮೈನ್ ಎಂಬ ಅರಿವಳಿಕೆ ಔಷಧದ ತೀವ್ರ ಪರಿಣಾಮ ಸಾವಿಗೆ ಮುಖ್ಯ ಕಾರಣವೆಂದು ಶವಪರೀಕ್ಷೆ ಹೇಳಿತು. ಖಿನ್ನತೆಗೆ ವೈದ್ಯರ ನಿಗಾದಲ್ಲಿ ಶುರುವಾದ ಔಷಧ ಕಳ್ಳದಾರಿಯಲ್ಲೂ ಮನೆಗೆ ಬರತೊಡಗಿತ್ತು. 12 ಡಾಲರ್ ಬೆಲೆಯ ಬಾಟಲಿಗೆ ಅವರಿಂದ 2,000 ಡಾಲರ್ ವಸೂಲಾಗಿದ್ದೂ ಇದೆ ಎಂದು ಪ್ರಾಸಿಕ್ಯೂಷನ್ ಆರೋಪಿಸಿತು. 2024ರಲ್ಲಿ ಇಬ್ಬರು ವೈದ್ಯರು, ಮನೆಯಲ್ಲೇ ಇದ್ದ ಸಹಾಯಕ ಸೇರಿ ಐವರ ಮೇಲೆ ಪ್ರಕರಣ ದಾಖಲಾಯಿತು; ಮುಂದೆ ಐವರೂ ತಪ್ಪೊಪ್ಪಿಕೊಂಡರು. ಕಾಯಿಲೆಯವನ ದೌರ್ಬಲ್ಯವೇ ಕೆಲವರಿಗೆ ಸಂಪಾದನೆಯಾಗಿತ್ತು.

ಆಣೆಯೊಂದೇ ಸಾಲದು

ನಮ್ಮ ಉತ್ತರ ಕರ್ನಾಟಕಕ್ಕೆ ಚಟದ ವಿರುದ್ಧದ ಹೋರಾಟದ ದೊಡ್ಡ ಪರಂಪರೆಯಿದೆ. ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು 1975ರಿಂದ ‘ಮಹಾಂತ ಜೋಳಿಗೆ’ ಹಿಡಿದು ಊರೂರು ತಿರುಗಿ, ಕಾಳು–ಕಾಸಿನ ಬದಲು ಜನರ ದುಶ್ಚಟಗಳನ್ನೇ ಭಿಕ್ಷೆ ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1 ಇಂದು ರಾಜ್ಯದಲ್ಲಿ ವ್ಯಸನಮುಕ್ತ ದಿನ. ಆದರೆ ಹಾಗೆ ಆಣೆ ಮಾಡಿ ಜೋಳಿಗೆಗೆ ಚಟ ಹಾಕಿದ ಮನುಷ್ಯ ಮರುದಿನದಿಂದ ಒಬ್ಬಂಟಿಯಾಗಬಾರದು. ಬಹಳ ವರ್ಷ ವಿಪರೀತ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಕೈಕಾಲು ನಡುಗಿ, ಫಿಟ್ಸ್ ಬಂದು, ಭ್ರಮೆ ಹಿಡಿದು ಜೀವಕ್ಕೇ ಅಪಾಯವಾಗಬಹುದು. ಆದ್ದರಿಂದ ಬಿಡುವ ಮೊದಲ ದಿನಗಳು ವೈದ್ಯರ ನಿಗಾದಲ್ಲೇ ಕಳೆಯಬೇಕು. ಗೊತ್ತಾಗದ ಹಾಗೆ ಊಟದಲ್ಲಿ ಔಷಧ ಬೆರೆಸಿಕೊಡುವುದಂತೂ ಬೇಡವೇ ಬೇಡ. ಅಂಥ ಔಷಧದ ಮೇಲೆ ಕುಡಿದರೆ ಜೀವಕ್ಕೆ ಕುತ್ತು ಬರಬಹುದು.

ಬಿಟ್ಟವರು ಮತ್ತೆ ಕುಡಿದರೆ ಮನೆಯವರಿಗೆ ಸಿಟ್ಟು ಬರುವುದು ಸಹಜ. ಹೊಡೆತ ತಿಂದ ಹೆಂಡತಿಯ, ಹಸಿದ ಮಕ್ಕಳ ನೋವು ಸಣ್ಣದಲ್ಲ. ಅವರ ರಕ್ಷಣೆ ಮೊದಲು. ಆದರೂ ಸಕ್ಕರೆ ಕಾಯಿಲೆ ಏರಿದಾಗ ಮತ್ತೆ ಆಸ್ಪತ್ರೆಗೆ ಕರೆದೊಯ್ಯುವ ನಾವು, ಮರಳಿ ಚಟಕ್ಕೆ ಬಿದ್ದವರನ್ನೂ ಹಾಗೆಯೇ ಕರೆದೊಯ್ಯಬೇಕು. ಧಾರವಾಡದ ಡಿಮ್ಹಾನ್ಸ್‌ನಲ್ಲಿ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಿಕಿತ್ಸೆಯಿದೆ. ಅಷ್ಟು ದೂರ ಹೋಗಲಾಗದವರು ಟೆಲಿ–ಮಾನಸ್ 14416ಕ್ಕೆ ದಿನದ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446. ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಚಟಕ್ಕೆ ಸಿಕ್ಕವರಿದ್ದರೆ ಇವತ್ತೇ ಆ ನಂಬರ್ ಒತ್ತಿ, ಅವರ ಪಕ್ಕದಲ್ಲಿ ಕೂತು ಮಾತಾಡಿಸಿ.