ತೆರೆಯ ಹಿಂದಿನ ದೆವ್ವ

ತರೀಕೆರೆ ತಾಲ್ಲೂಕಿನ ಹೆಬ್ಬೆಯ ಜಲಪಾತಕ್ಕೆ ಕಾಡುದಾರಿಯಲ್ಲಿ ನಡೆದು ಹೋಗುವವರಿಗೆ ಮೊದಲು ದೊರೆಯುವುದು ನೀರಿನ ನೋಟವಲ್ಲ, ಸದ್ದು. ದೊಡ್ಡ ಹೆಬ್ಬೆ, ಚಿಕ್ಕ ಹೆಬ್ಬೆಯೆಂದು ಎರಡು ಹಂತಗಳಲ್ಲಿ ಸುಮಾರು 550 ಅಡಿ ಧುಮುಕುವ ನೀರು ಕಣ್ಣಿಗೆ ಬೀಳುವ ಮೊದಲೇ ಮನಸ್ಸನ್ನು ಆವರಿಸುತ್ತದೆ. ಸದ್ದು ಕೇಳಿಸಿ ಅದರ ಮೂಲ ಕಾಣದಿದ್ದರೆ ಮನುಷ್ಯನ ಕಲ್ಪನೆ ಸುಮ್ಮನಿರಲಾರದು. ಮಲೆನಾಡಿನ ದೆವ್ವದ ಕಥೆಗಳೆಲ್ಲ ಬಹುಶಃ ಹೀಗೆಯೇ ಹುಟ್ಟಿದವು.

ಇದೇ ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆಯಲ್ಲಿ ನೆಲೆಸಿದ್ದ ಕೆ. ಪಿ. ಪೂರ್ಣಚಂದ್ರ ತೇಜಸ್ವಿಯವರು (1938–2007) ಈ ಭಯವನ್ನೇ ಹಿಡಿದು ‘ಚಿದಂಬರ ರಹಸ್ಯ’ವನ್ನು ಬರೆದರು. 1985ರಲ್ಲಿ ಪ್ರಕಟವಾದ ಈ ಕಾದಂಬರಿಗೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು.

ಕಥೆ ನಡೆಯುವುದು ಕೆಸರೂರೆಂಬ ಕಲ್ಪಿತ ಊರಿನಲ್ಲಿ. ಏಲಕ್ಕಿ ಸಂಶೋಧನಾ ಕೇಂದ್ರದ ವಿಜ್ಞಾನಿ ಜೋಗಿಹಾಳರು ನಿಗೂಢವಾಗಿ ಸತ್ತಿದ್ದಾರೆ. ಏಲಕ್ಕಿಯ ಇಳುವರಿ ಕುಸಿದುದರ ಕಾರಣವನ್ನು ಹುಡುಕಿಕೊಂಡು ಗುಪ್ತಚರ ಅಧಿಕಾರಿ ಶ್ಯಾಮನಂದನ ಅಂಗಡಿ ಬಂದಿಳಿಯುತ್ತಾನೆ. ದೊಡ್ಡ ಮನೆಯೊಂದರ ಮೇಲೆ ಕಲ್ಲು ಬೀಳತೊಡಗಿದರೆ ಅದು ದೆವ್ವದ ಕಾಟವೆಂಬ ಸುದ್ದಿ ಹರಡುತ್ತದೆ. ಇವೆಲ್ಲದರ ನಡುವೆ ರಫಿ ಮತ್ತು ಜಯಂತಿ ಎಂಬ ಭಿನ್ನ ಮತದ ಎಳೆಯರಿಬ್ಬರು ಪ್ರೀತಿಸುತ್ತಾರೆ.

ಗುಣಗಳಲ್ಲಿ ಮೊದಲನೆಯದು ಹಾಸ್ಯ. ವಾಚಕನು ಬೆಚ್ಚುವ ಕ್ಷಣದಲ್ಲೇ ನಗುವಂತೆ ಮಾಡುವ ಬರವಣಿಗೆ ಇದು. ಎರಡನೆಯದು, ಅತಿಮಾನುಷವನ್ನು ಕೇವಲ ರೋಮಾಂಚನಕ್ಕಾಗಿ ಬಳಸದಿರುವುದು. ಚಿದಂಬರದ ದೇಗುಲದಲ್ಲಿ ತೆರೆ ಸರಿಸಿದರೆ ಮೂರ್ತಿಯಿಲ್ಲ, ಬರಿಯ ಆಕಾಶ. ಇಲ್ಲಿಯೂ ತೆರೆಯ ಹಿಂದೆ ದೆವ್ವವನ್ನು ಹುಡುಕುವವನಿಗೆ ಸಿಗುವುದು ಮನುಷ್ಯರ ದುರಾಸೆ, ಮತದ್ವೇಷ, ಪರಸ್ಪರ ಸಂಶಯ.

ಇನ್ನು ದೋಷಗಳು. ಪತ್ತೇದಾರಿ ಕಥೆಯ ಪದ್ಧತಿಗೆ ಒಗ್ಗಿದ ವಾಚಕನಿಗೆ ನಿರಾಶೆ ತಪ್ಪದು. ಕಾನನ್ ಡಾಯ್ಲನ 1902ರ ಬಾಸ್ಕರ್‌ವಿಲ್ ಬೇಟೆನಾಯಿಯ ಕಥೆಯಲ್ಲಿ ಭೂತದಂತೆ ಹೊಳೆದ ನಾಯಿಯ ಮುಖಕ್ಕೆ ರಂಜಕ ಬಳಿದಿದ್ದರೆಂಬುದು ಕೊನೆಗೆ ಬಯಲಾಗುತ್ತದೆ; ಅಪರಾಧಿಯೂ ಗೊತ್ತಾಗುತ್ತಾನೆ. ತೇಜಸ್ವಿಯವರು ಅಂಥ ಲೆಕ್ಕವನ್ನು ಒಪ್ಪಿಸುವುದಿಲ್ಲ. ಎಳೆಗಳು ಹಲವು, ಪಾತ್ರಗಳು ಕಿಕ್ಕಿರಿದಿವೆ. ಗಂಟುಗಳನ್ನು ಬಿಡಿಸುವ ಬದಲು ಕೊನೆಯ ಕಾಳ್ಗಿಚ್ಚು ಅವನ್ನು ಸುಟ್ಟುಹಾಕುತ್ತದೆ. ಜಯಂತಿಯ ಅಂತರಂಗಕ್ಕೆ ಇನ್ನಷ್ಟು ಎಡೆ ದೊರೆತಿದ್ದರೆ ಆ ಉರಿಯ ತಾಪ ಹೆಚ್ಚು ತಟ್ಟುತ್ತಿತ್ತು.

ಆದರೂ ಆ ಬೆಂಕಿ ಆಕಸ್ಮಿಕವಲ್ಲ. ಅದಕ್ಕೆ ಆಹಾರವಾದ ಲಂಟಾನದ ಪೊದೆ ಎಷ್ಟೋ ದಿನಗಳಿಂದ ಊರನ್ನು ಸುತ್ತುಗಟ್ಟಿ ಬೆಳೆದಿತ್ತು. ಕಾಣದ ದೆವ್ವಕ್ಕೆ ಹೆದರಿದ ಜನ, ಕಣ್ಣೆದುರು ಬೆಳೆಯುತ್ತಿದ್ದುದಕ್ಕೆ ಹೆದರಲಿಲ್ಲ. ಪುಸ್ತಕವನ್ನು ಮುಚ್ಚಿದ ಮೇಲೂ ವಾಚಕನನ್ನು ಬಿಡದೆ ಕಾಡುವುದು ಈ ಮಾತೇ. ರಹಸ್ಯ ಕಾದಂಬರಿಯಾಗಿ ಇದಕ್ಕೆ ಕೆಲವು ಅಂಕಗಳನ್ನು ಕಳೆಯಬಹುದು. ಮನೆಮಂದಿಯೆಲ್ಲ ಓದಿ ಚರ್ಚಿಸಬೇಕಾದ ಕಾದಂಬರಿಯೆಂಬುದರಲ್ಲಿ ಮಾತ್ರ ಸಂದೇಹವಿಲ್ಲ.