ಉಮ್ಮನ ಕಡವು, ಮೊಮ್ಮಗಳ ದೋಣಿ

ಕಳೆದ ಬೇಸಿಗೆಯ ಒಂದು ರವಿವಾರ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿರುವ ಅಕ್ಕನ ಮಗಳು ಉಮ್ಮನಿಗೆ ವೀಡಿಯೋ ಕರೆ ಮಾಡಿದ್ದಳು. ಅಂದು ಬೆಳಗ್ಗಿನಿಂದ ಸಂಜೆಯವರೆಗೆ ಗಂಡ, ಮಕ್ಕಳೊಂದಿಗೆ ನಗರದ ಕಾಲುವೆಯಲ್ಲಿ ದೋಣಿ ಪ್ರಯಾಣ ಮಾಡಿ ಬಂದಿದ್ದಳಂತೆ. ಅವಳು ತೋರಿಸಿದ ಬಣ್ಣ ಬಣ್ಣದ ದೋಣಿಯನ್ನು ನೋಡಿ ಉಮ್ಮ ಕೇಳಿದ ಮೊದಲ ಪ್ರಶ್ನೆ: "ಅಲ್ಲಿ ಸೇತುವೆ ಇಲ್ಲವಾ ಮೋಳೇ?"

ನಾವೆಲ್ಲ ನಕ್ಕೆವು. ಆದರೆ ಉಮ್ಮ ತಮಾಷೆಗೆ ಕೇಳಿದ್ದಲ್ಲ. ಕುಮಾರಧಾರೆಯ ದಂಡೆಯಲ್ಲಿ ಹುಟ್ಟಿ ಬೆಳೆದವರಿಗೆ ದೋಣಿ ಎಂದರೆ ವಿಹಾರವಲ್ಲ. ಬೇರೆ ದಾರಿ ಇಲ್ಲದವರ ದಾರಿ.

ನೀರಿನ ಮೆಟ್ಟಿಲು

ಆ ದೋಣಿಗೆ ಅಲ್ಲಿ ನ್ಯಾರೋಬೋಟ್ ಎನ್ನುತ್ತಾರೆ. ಅಗಲ ಸುಮಾರು ಏಳೇ ಅಡಿ. ಉದ್ದ ಮಾತ್ರ ಎಪ್ಪತ್ತು ಅಡಿಯವರೆಗೂ ಇರಬಹುದು. ಮನುಷ್ಯ ನಡೆಯುವ ವೇಗದಲ್ಲಿ ಸಾಗುತ್ತದೆ. ಬರ್ಮಿಂಗ್‌ಹ್ಯಾಮ್ ನಗರದ ನಡುವೆ ಫಾರ್ಮರ್ಸ್ ಬ್ರಿಜ್ ಎಂಬಲ್ಲಿ ಒಂದರ ಹಿಂದೆ ಒಂದರಂತೆ 13 ಲಾಕ್‌ಗಳಿವೆ. ಕೆಲವು ಕಡೆ ಕಾಲುವೆ ಕಟ್ಟಡಗಳ ಅಡಿಯಲ್ಲೇ ಹಾದುಹೋಗುತ್ತದೆ.

ಲಾಕ್ ಎಂದರೇನೆಂದು ಉಮ್ಮನಿಗೆ ಹೇಳಿಕೊಡಲು ಹುಡುಗಿ ನಮ್ಮೂರಿನ ಕಿಂಡಿ ಅಣೆಕಟ್ಟನ್ನೇ ನೆನಪಿಸಿದಳು. "ಮಳೆ ಮುಗಿದ ಮೇಲೆ ಕಿಂಡಿಗೆ ಹಲಗೆ ಹಾಕಿ ನೀರು ನಿಲ್ಲಿಸುತ್ತಾರಲ್ಲ ಅಜ್ಜಿ, ಅಂಥ ಎರಡು ಬಾಗಿಲುಗಳ ನಡುವೆ ದೋಣಿಯನ್ನು ನಿಲ್ಲಿಸುತ್ತೇವೆ. ಹಿಂದಿನ ಬಾಗಿಲು ಮುಚ್ಚಿ, ಮುಂದಿನ ಬಾಗಿಲಿನ ಕಿಂಡಿಯಿಂದ ನೀರು ಬಿಟ್ಟರೆ ನೀರಿನೊಂದಿಗೆ ದೋಣಿಯೂ ಇಳಿಯುತ್ತದೆ. ಎರಡೂ ಕಡೆ ನೀರು ಸಮವಾದಾಗ ಮುಂದಿನ ಬಾಗಿಲು ತೆರೆದು ಹೋಗುವುದು." ಹತ್ತಬೇಕಾದರೆ ಹೀಗೆಯೇ ನೀರು ತುಂಬಿಸಬೇಕು. ಕಿಂಡಿ ತೆರೆಯುವುದು, ಬಾಗಿಲಿನ ದಪ್ಪ ತೊಲೆಗೆ ಬೆನ್ನು ಕೊಟ್ಟು ತಳ್ಳುವುದು ಎಲ್ಲವೂ ಪ್ರಯಾಣಿಕರದ್ದೇ ಕೆಲಸ.

ಇಂದು ರಜಾದಿನದ ಖುಷಿಗಾಗಿ ಸಾಗುವ ಈ ದೋಣಿಗಳಲ್ಲಿ ಒಂದು ಕಾಲಕ್ಕೆ ಕಲ್ಲಿದ್ದಲು ಸಾಗುತ್ತಿತ್ತು. ಕುದುರೆ ದಂಡೆಯ ಮೇಲೆ ನಡೆದು ದೋಣಿಯನ್ನು ಎಳೆಯುತ್ತಿತ್ತು. ಹಿಂಬದಿಯ ಪುಟ್ಟ ಕೋಣೆಯೊಳಗೆ ಇಡೀ ಕುಟುಂಬದ ಸಂಸಾರ. ಅಡುಗೆ, ಬಾಣಂತನ, ನಿದ್ದೆ ಎಲ್ಲವೂ ಅಲ್ಲೇ. ಇಂದು ಈ ಊರು, ನಾಳೆ ಇನ್ನೊಂದು ಊರು ಎಂಬಂತಿದ್ದ ಮಕ್ಕಳು ಶಾಲೆಗೆ ಹೋಗುವುದಾದರೂ ಹೇಗೆ? 1877ರಲ್ಲಿ ಬ್ರಿಟಿಷ್ ಸರಕಾರ ಕಾಯ್ದೆ ತಂದು ಇಂಥ ದೋಣಿಮನೆಗಳನ್ನು ನೋಂದಾಯಿಸಬೇಕೆಂದೂ ಅದರಲ್ಲಿ ಇಂತಿಷ್ಟೇ ಮಂದಿ ವಾಸಿಸಬೇಕೆಂದೂ ನಿಯಮ ಮಾಡಬೇಕಾಯಿತು.

ಕಡವಿನ ದಿನಗಳು

ಇದನ್ನು ಕೇಳಿ ಉಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಮತ್ತೆ ಮೆಲ್ಲನೆ ಶಾಂತಿಮೊಗರು ಕಡವಿನ ಮಾತು ತೆಗೆದರು. ಈಚೆ ಆಲಂಕಾರು, ಆಚೆ ಕುದ್ಮಾರು, ಸವಣೂರು. ನಡುವೆ ಕುಮಾರಧಾರೆ. ಬೇಸಿಗೆಯಲ್ಲಿ ಅಂಬಿಗ ಗಳ ಊರಿ ದೋಣಿ ದಾಟಿಸುತ್ತಿದ್ದ. ಅಡಿಕೆ ಮೂಟೆ, ಅಕ್ಕಿ, ಮದುವೆಯ ದಿಬ್ಬಣ, ಕೆಲವೊಮ್ಮೆ ಆಡುಗಳು ಕೂಡಾ ಅದೇ ದೋಣಿಯಲ್ಲಿ. ಮಳೆಗಾಲದಲ್ಲಿ ಹೊಳೆ ಕೆಂಪಾಯಿತೆಂದರೆ ದೋಣಿ ದಂಡೆಗೆ ಕಟ್ಟಿ ಬಿಡುತ್ತಿದ್ದರು. ಗಂಡು ಮಕ್ಕಳನ್ನು ಆಚೆ ಬದಿಯ ನೆಂಟರ ಮನೆಯಲ್ಲಿ ನಿಲ್ಲಿಸಿ ಓದಿಸಿದರು. ಹೆಣ್ಣು ಮಕ್ಕಳನ್ನು ಹಾಗೆ ಕಳಿಸುವ ಧೈರ್ಯ ಯಾರಿಗಿತ್ತು? ಉಮ್ಮನ ಓದು ಏಳನೆಯ ತರಗತಿಗೆ ನಿಂತಿತು.

ನೇತ್ರಾವತಿ, ಕುಮಾರಧಾರೆ ಎರಡೂ ಉಕ್ಕಿ ಉಪ್ಪಿನಂಗಡಿಗೆ ನೀರು ನುಗ್ಗಿದ 1974ರ ಮಳೆಗಾಲದಲ್ಲಿ ಉಮ್ಮನ ಅಕ್ಕನಿಗೆ ಹೆರಿಗೆ ನೋವು ಕಾಣಿಸಿಕೊಂಡಿತು. ಪುತ್ತೂರಿಗೆ ಕೊಂಡೊಯ್ಯಬೇಕು. ದೋಣಿ ಇಳಿಸುವಂತಿಲ್ಲ, ಸುತ್ತು ದಾರಿಯೂ ನೀರಿನಡಿ. ಎರಡು ದಿನ ಕಾದರು. ತಾಯಿ ಉಳಿದರು, ಮಗು ಉಳಿಯಲಿಲ್ಲ. ನಮ್ಮ ಮನೆಯಲ್ಲಿ ಇದನ್ನು ಯಾರೂ ದೊಡ್ಡ ದನಿಯಲ್ಲಿ ಹೇಳಿದ್ದನ್ನು ನಾನು ಕೇಳಿಲ್ಲ.

ಸೇತುವೆಯ ಬೆಲೆ

ಸುಳ್ಯದ ಕಡೆಯ ಕಥೆಯೂ ಬೇರೆಯಲ್ಲ. ಪಯಸ್ವಿನಿಯ ಆಚೆ ಬದಿಯ ಹಳ್ಳಿಗರ ಕಷ್ಟ ನೋಡಿ ಸುಳ್ಯದ ಇಂಜಿನಿಯರ್ ಗಿರೀಶ್ ಭಾರದ್ವಾಜ್ 1989ರಲ್ಲಿ ಅರಂಬೂರಿನಲ್ಲಿ ತೂಗುಸೇತುವೆ ಕಟ್ಟಿದರು. ಊರವರೂ ಕೈ ಜೋಡಿಸಿದರು. ಅಲ್ಲಿಂದ ಶುರುವಾಗಿ ಅವರ ತೂಗುಸೇತುವೆಗಳ ಸಂಖ್ಯೆ ನೂರು ದಾಟಿತು. 2017ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂತು. ಕಡಬದ ಬಳಿ ಹೊಸ್ಮಠದ ಮುಳುಗು ಸೇತುವೆಯ ಜಾಗದಲ್ಲಿ ಎತ್ತರದ ಹೊಸ ಸೇತುವೆ ಬಂದಿದೆ. ಶಾಂತಿಮೊಗರಿನಲ್ಲೂ ಸೇತುವೆಯಾಗಿದೆ. ಅದರ ಮೇಲೆ ವಾಹನಗಳು ಒಂದು ನಿಮಿಷದೊಳಗೆ ದಾಟಿ ಹೋಗುತ್ತವೆ. ಒಳಗೆ ಕುಳಿತ ಕಾಲೇಜು ಹುಡುಗಿಯರು ಕೆಳಗಿನ ಹೊಳೆಯ ಕಡೆ ನೋಡುವುದೂ ಇಲ್ಲ. ನೋಡಬೇಕಾದ ಅಗತ್ಯವಿಲ್ಲ ಎಂಬುದೇ ದೊಡ್ಡ ಅನುಗ್ರಹವಲ್ಲವೇ?

ಕಷ್ಟ ಬಿಟ್ಟು ಹೋದ ಮೇಲಷ್ಟೇ ದೋಣಿ ಸುಂದರವಾಗಿ ಕಾಣುತ್ತದೆ. ಬರ್ಮಿಂಗ್‌ಹ್ಯಾಮ್‌ನಲ್ಲೂ ಹಾಗೆ, ನಮ್ಮಲ್ಲೂ ಹಾಗೆ. ಆದರೆ ನಾವು ಸೇತುವೆ ದಾಟುವಾಗ, ಈ ನೀರಿನ ಮುಂದೆ ಓದು ನಿಲ್ಲಿಸಿದವರು, ಮಡಿಲು ಬರಿದಾಗಿ ಮರಳಿದವರು ನಮ್ಮ ಮನೆಯಲ್ಲೇ ಇದ್ದಾರೆಂಬುದು ಮಕ್ಕಳಿಗೆ ತಿಳಿದಿರಬೇಕು. ಅವರ ಬಳಿ ಕುಳಿತು ಕೇಳಿದರೆ ಸಾಕು, ಅವರೇ ಹೇಳುತ್ತಾರೆ.

ಕರೆ ಮುಗಿಸುವ ಮೊದಲು ಮೊಮ್ಮಗಳು, "ಊರಿಗೆ ಬಂದಾಗ ಮಕ್ಕಳನ್ನು ಕುಮಾರಧಾರೆಯಲ್ಲಿ ದೋಣಿ ಹತ್ತಿಸೋಣವಾ ಅಜ್ಜಿ?" ಎಂದು ಕೇಳಿದಳು.

ಉಮ್ಮ ಯೋಚಿಸಿ ಹೇಳಿದರು: "ಬೇಸಿಗೆಯಲ್ಲಾದರೆ ಆಗಲಿ. ನೀರಿಗೆ ಹಾಕುವ ಆ ಜಾಕೆಟ್ ಅಲ್ಲಿಂದಲೇ ತಾ. ನನಗೂ ಒಂದು."